ಮೂರು ಬೆಂಕಿಕಡ್ಡಿ ಮತ್ತು ಒಂದು ಅಚ್ಚು

ಬ್ಲಾಗಿನ ಕಡೆ ತಲೆ ಹಾಕದೆ ತಿಂಗಳುಗಳೇ ಆದವು. ಬರೆಯೋಕೆ ವಿಷಯ ಇರಲಿಲ್ಲ ಅಂತಲ್ಲ, ಕೂತು ಬರೆಯುವಷ್ಟು ಕಾಡಿದ್ದು ಯಾವುದೂ ಇರಲಿಲ್ಲ. ಆದರೆ ಕಳೆದ ಸಂಕ್ರಾಂತಿಯಲ್ಲಿ ನಮ್ಮ ಮಾವ್ಶಿ ಕೇಳಿದ ಒಂದು ಪ್ರಶ್ನೆ ಮಾತ್ರ ಇನ್ನೂ ತಲೆಯಿಂದ ಹೋಗಿಲ್ಲ. ಉತ್ತರ ಹುಡುಕುತ್ತಾ ಮಳಖೇಡದ ತಾಮ್ರಶಾಸನದಿಂದ ಜಪಾನಿನ ಮರದ ಅಚ್ಚಿನ ತನಕ ಅಲೆದು ಬಂದೆ. ಅದೇ ಈ ಪೋಸ್ಟು. ಸ್ವಲ್ಪ ಉದ್ದ ಇದೆ, ಚಹಾ ಮಾಡ್ಕೊಂಡು ಬನ್ನಿ :-)

ನಾನು ಬೆಳೆದದ್ದು ಆದಿತ್ಯನಗರದಲ್ಲಿ. ಸೇಡಂ ತಾಲ್ಲೂಕಿನಲ್ಲಿ ಸಿಮೆಂಟ್ ಕಾರ್ಖಾನೆಗೆ ಅಂಟಿಕೊಂಡಿರುವ ಕಾಲೋನಿ. ಒಂದು ಕಡೆ ಸುಣ್ಣಕಲ್ಲಿನ ಗಣಿ, ಇನ್ನೊಂದು ಕಡೆ ವಾಡಿಯಿಂದ ಸಿಕಂದರಾಬಾದಿಗೆ ಹೋಗುವ ರೈಲು ದಾರಿ, ಹತ್ತಿರದಲ್ಲೇ ಕಾಗಿಣಾ ನದಿ, ಅದರ ದಂಡೆಗೆ ಮಳಖೇಡದ ಕೋಟೆ. ಆ ಕಾಲೋನಿಯಲ್ಲಿ ಎಲ್ಲಾ ಊರಿನವರೂ ಇದ್ದರು. ಹಾಗಾಗಿ ಡಿಸೆಂಬರ್ ಬಂತೆಂದರೆ ಎಲ್ಲರ ಮನೆಯಿಂದಲೂ ಗ್ರೀಟಿಂಗ್ ಕಾರ್ಡುಗಳು ಹೊರಡುತ್ತಿದ್ದವು. ನಮ್ಮ ಮನೆಯಿಂದ ಹೋಗುತ್ತಿದ್ದದ್ದು ಮಾತ್ರ ಅಂಗಡಿಯ ಕಾರ್ಡಲ್ಲ. ಅವ್ವ ಮಾಡಿದ್ದು. ಹೊಸ ವರ್ಷಕ್ಕೂ ಸಂಕ್ರಾಂತಿಗೂ ಸೇರಿ ಒಂದೇ ಕಾರ್ಡು, ಐವತ್ತು ಅರವತ್ತು ಆಗುತ್ತಿದ್ದವು. ಲಕೋಟೆ ಅಂಟಿಸದೆ, ಬುಕ್ ಪೋಸ್ಟ್ ಅಂತ ಬರೆದು ಹಾಕಿದರೆ ಕಡಿಮೆ ದುಡ್ಡಿಗೆ ಹೋಗುತ್ತಿತ್ತು.

ಅಚ್ಚು ಯಾವುದು ಗೊತ್ತಾ? ಬೆಂಡೆಕಾಯಿ! ಅಡ್ಡ ಕತ್ತರಿಸಿದರೆ ಐದು ಎಸಳಿನ ಹೂವು ಸಿದ್ಧ. ಎಲೆಗೆ ಆಲೂಗಡ್ಡೆ. ನಮ್ಮ ಕೆಲಸ ಒದ್ದೆ ಬಣ್ಣದ ಕಾರ್ಡುಗಳನ್ನು ಹಾಸಿಗೆ ಮೇಲೆ ಹರಡಿ ಫ್ಯಾನಿನ ಕೆಳಗೆ ಒಣಗಿಸುವುದು. ಅವ್ವ ಒಂದು ಮಣೆಯ ಮೇಲೆ ಕಾರ್ಡಿಟ್ಟು ಕೆಂಪು ಹೂವು ಒತ್ತುತ್ತಿದ್ದಳು. ಎಲ್ಲಾ ಮುಗಿದ ಮೇಲೆ ಎರಡನೇ ಸುತ್ತು, ಹಸಿರು ಎಲೆ. ಅರವತ್ತರಲ್ಲೂ ಎಲೆ ಹೂವಿನ ಬುಡಕ್ಕೇ ಬಂದು ಕೂರುತ್ತಿತ್ತು. ಅದು ಹೇಗೆ ಅಂತ ಆಗ ನಾನು ಯೋಚಿಸಲೇ ಇಲ್ಲ. ಮಣೆಯ ಮೇಲೆ ಅಂಟಿಸಿದ್ದ ಮೂರು ಬೆಂಕಿಕಡ್ಡಿ ಮಾತ್ರ ನೆನಪಿದೆ. ಕೆಳಗೆ ಎರಡು, ಬಲಗಡೆ ಒಂದು. ಆ ಕಡ್ಡಿಗಳಿಗೆ ಕಾರ್ಡು ತಾಗಿಸಿಯೇ ಇಡಬೇಕು ಅಂತ ಕಟ್ಟಪ್ಪಣೆ.

ಈಗ ಅವ್ವನ ಕೈ ನಡುಗುತ್ತದೆ. ನಾಲ್ಕೈದು ವರ್ಷವಾಯಿತು. ರಂಗೋಲಿ ಬಿಟ್ಟಳು, ಹೂಬತ್ತಿ ಬಿಟ್ಟಳು, ಕಾರ್ಡಂತೂ ಯಾವತ್ತೋ ನಿಂತಿತ್ತು. ಹಾಗಿರುವಾಗ ಕಾರ್ಡ್ ಮಾಡುವವರು ಬಳಸುವ ಒಂದು ಸಲಕರಣೆ ಕಣ್ಣಿಗೆ ಬಿತ್ತು. ಕೆಳಗೆ ಒಂದು ಹಲಗೆ, ಮೇಲೆ ಪುಸ್ತಕದ ರಟ್ಟಿನ ಹಾಗೆ ತೆರೆದು ಮುಚ್ಚುವ ಪಾರದರ್ಶಕ ಮುಚ್ಚಳ. ಠಸ್ಸೆಯನ್ನು ಮುಚ್ಚಳಕ್ಕೆ ಅಂಟಿಸಿ, ಶಾಯಿ ಹಚ್ಚಿ ಮುಚ್ಚಿದರೆ ಅಚ್ಚು ಪ್ರತಿ ಸಲವೂ ಅದೇ ಜಾಗಕ್ಕೆ ಬೀಳುತ್ತದೆ. ಕೈ ನಡುಗಿದರೂ ಮುಚ್ಚಳ ನಡುಗಲ್ಲ. ತರಿಸಿಕೊಟ್ಟೆ. ಎರಡು ದಿನ ಮುಟ್ಟಲಿಲ್ಲ. ಮೂರನೇ ದಿನ ಬೆಳಿಗ್ಗೆ ಎದ್ದು ನೋಡಿದರೆ ಊಟದ ಮೇಜಿನ ಮೇಲೆ ಹದಿನೆಂಟು ಕಾರ್ಡು!

ಸಂಕ್ರಾಂತಿಗೆ ಕುಸುರೆಳ್ಳಿನ ಜೊತೆ ಒಂದು ಕಾರ್ಡು ಮಾವ್ಶಿಯ ಕೈಗೆ ಹೋಯಿತು. ಮಾವ್ಶಿ ಹಿಂದೆ ಮುಂದೆ ತಿರುಗಿಸಿ ನೋಡಿ ಕೇಳಿದರು: "ಅಕ್ಕಾ, ಇದು ಕೈಲೇ ಮಾಡಿದ್ದೇನ, ಮಶೀನ್‌ಲೇ ಮಾಡಿದ್ದೇನ?"

ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಆದರೆ ಅವ್ವ ಸುಮ್ಮನಾದಳು. ಅವತ್ತಿನಿಂದ ಆ ಪೆಟ್ಟಿಗೆಯನ್ನು ತೆಗೆಯಲಿಲ್ಲ.

*

ಅಚ್ಚು, ಮುದ್ರೆ, ಮೊಹರು, ಠಸ್ಸೆ, ಸಿಕ್ಕಾ. ಒತ್ತುವ ವಸ್ತುವಿಗೇ ನಮ್ಮಲ್ಲಿ ಎಷ್ಟು ಹೆಸರು ನೋಡಿ. ಬೆಲ್ಲದ ಅಚ್ಚು, ಸಕ್ಕರೆ ಅಚ್ಚು, ಅಚ್ಚುಕೂಟ, ಅಚ್ಚೊತ್ತು... ನೀಟಾಗಿ ಮಾಡಿದ ಕೆಲಸಕ್ಕೂ ನಾವು 'ಅಚ್ಚುಕಟ್ಟು' ಅಂತಲೇ ಅನ್ನುತ್ತೇವೆ. ಅಚ್ಚು ಇದ್ದರೆ ಸಾಲದು, ಅದು ಕೂರಬೇಕಾದ ಕಡೆ ಕೂರಬೇಕು. ಒತ್ತುವುದು ಸುಲಭ, ಕೂರಿಸುವುದು ಕಷ್ಟ. ಮುದ್ರಣದ ಇತಿಹಾಸ ಹೇಳುವಾಗ ಅಚ್ಚು ಯಾರು ಕೊರೆದರು, ಯಂತ್ರ ಯಾರು ಕಂಡುಹಿಡಿದರು ಅಂತ ಹೇಳುತ್ತಾರೆ. ಅದನ್ನು ಜಾಗಕ್ಕೆ ಕೂರಿಸಿದವರ ಕಥೆಯನ್ನು ಯಾರೂ ಹೇಳಲ್ಲ.

ನಮ್ಮೂರಿನಿಂದಲೇ ಶುರು ಮಾಡೋಣ. ಮಳಖೇಡ ಅಂದರೆ ರಾಷ್ಟ್ರಕೂಟರ ಮಾನ್ಯಖೇಟ. 814ರಿಂದ 878ರ ತನಕ ಆಳಿದ ಅಮೋಘವರ್ಷ ನೃಪತುಂಗನ ರಾಜಧಾನಿ, ಕವಿರಾಜಮಾರ್ಗ ಹುಟ್ಟಿದ ಆಸ್ಥಾನ. (ಕಾಲೋನಿಯಲ್ಲಿ ಅಷ್ಟು ವರ್ಷ ಇದ್ದು ನಾವು ಆ ಕೋಟೆಗೆ ಹೋಗಿದ್ದು ಎರಡೇ ಸಲ. ಅದೂ ಶಾಲೆಯಿಂದ, ಚಿತ್ರಾನ್ನದ ಡಬ್ಬಿ ಹಿಡಿದುಕೊಂಡು. ನಾಚಿಕೆಯಾಗುತ್ತೆ.) ಆ ರಾಜರು ದಾನ ಕೊಟ್ಟಾಗ ತಾಮ್ರದ ಹಲಗೆಗಳ ಮೇಲೆ ಬರೆಸುತ್ತಿದ್ದರು. ಶಕ 793ರ, ಅಂದರೆ ಕ್ರಿ.ಶ. 871ರ, ಅಮೋಘವರ್ಷನ ಸಂಜಾನ್ ಶಾಸನದಲ್ಲಿ ಇಂಥ ಮೂರು ಹಲಗೆಗಳಿವೆ. ಹಲಗೆಗಳಿಗೆ ತೂತು ಕೊರೆದು ಒಂದು ಬಳೆ ಪೋಣಿಸುತ್ತಿದ್ದರು. ಬಳೆಯ ಎರಡು ತುದಿ ಕೂಡುವ ಜಾಗದಲ್ಲಿ ರಾಜಮುದ್ರೆ. ರಾಷ್ಟ್ರಕೂಟರ ಮುದ್ರೆಯಲ್ಲಿ ಸಾಮಾನ್ಯವಾಗಿ ಗರುಡ ಇರುತ್ತಾನೆ.

ಮುದ್ರೆಯನ್ನು ಹಲಗೆಯ ಮೇಲೇ ಹಾಕಬಹುದಿತ್ತಲ್ಲ, ಬಳೆಗೇ ಯಾಕೆ? ಯಾಕಂದರೆ ಬಳೆ ಮುರಿಯದೆ ಒಂದು ಹಲಗೆ ತೆಗೆದು ಇನ್ನೊಂದು ಸೇರಿಸಲು ಆಗುವುದಿಲ್ಲ. ಮುದ್ರೆ ಸರಿಯಾದ ಜಾಗದಲ್ಲಿ ಕೂತಿದೆ ಅನ್ನುವುದೇ ಶಾಸನ ಖರೆ ಅನ್ನುವುದಕ್ಕೆ ಸಾಕ್ಷಿ. ಅಂಚೆ ಕಚೇರಿಯಲ್ಲೂ ಅದೇ ಕಥೆ ನೋಡಿ. ಠಸ್ಸೆ ಅರ್ಧ ಸ್ಟಾಂಪಿನ ಮೇಲೆ, ಅರ್ಧ ಲಕೋಟೆಯ ಮೇಲೆ ಬೀಳಬೇಕು. ಪಕ್ಕಕ್ಕೆ ಬಿದ್ದರೆ ಆ ಸ್ಟಾಂಪನ್ನು ಕಿತ್ತು ಇನ್ನೊಂದು ಸಲ ಬಳಸುವವರು ನಮ್ಮಲ್ಲೇ ಇದ್ದರು, ಹೆಸರು ಬೇಡ :-)

ನಾಣ್ಯಗಳಿಗೆ ಬಂದರೆ ಈ ಕಷ್ಟ ಕಣ್ಣಿಗೇ ಕಾಣುತ್ತೆ. ನಮ್ಮ ದೇಶದ ಹಳೆಯ ಬೆಳ್ಳಿ ಕಾರ್ಷಾಪಣಗಳಲ್ಲಿ ಐದು ಬೇರೆ ಬೇರೆ ಗುರುತುಗಳನ್ನು ಒಂದೊಂದಾಗಿ ಹೊಡೆದಿರುತ್ತಾರೆ. ಸೂರ್ಯನ ಮೇಲೆ ಬೆಟ್ಟ, ಬೆಟ್ಟದ ಮೇಲೆ ಇನ್ನೇನೋ, ಒಂದು ಅಂಚಿನಿಂದ ಹೊರಗೆ. ಸಾವಿರಕ್ಕೂ ಹೆಚ್ಚು ವರ್ಷ ಕಳೆದು ಬಂದ ನಮ್ಮ ದಖ್ಖನ್ನಿನ ಪದ್ಮಟಂಕಗಳಲ್ಲಿ, ಅಂದರೆ ದೇವಗಿರಿಯ ಯಾದವರ ಕಾಲದ ಚಿನ್ನದ ನಾಣ್ಯಗಳಲ್ಲಿ, ಒಂದು ಶಿಸ್ತು ಕಾಣುತ್ತೆ. ನಡುವೆ ತಾವರೆ, ಸುತ್ತ ಶ್ರೀಕಾರ, ಶಂಖ, ರಾಜನ ಹೆಸರು. ಅವೂ ಒಂದೊಂದು ಪ್ರತ್ಯೇಕ ಮೊಳೆಯಿಂದ, ಪ್ರತ್ಯೇಕ ಸುತ್ತಿಗೆ ಏಟಿನಿಂದ ಬಿದ್ದವೇ. ಮೊದಲು ನಡುವಿನದ್ದು ಗಟ್ಟಿಮಾಡಿಕೊಂಡು ಅದನ್ನು ನೋಡಿ ಉಳಿದದ್ದನ್ನು ಸುತ್ತ ಹೊಂದಿಸುವುದು ಅಂದರೆ... ಚುಕ್ಕಿ ಇಟ್ಟು ರಂಗೋಲಿ ಹಾಕುವವರಿಗೆ ನಾನು ಹೇಳಿಕೊಡಬೇಕೇ?

ನಮ್ಮ ಭಾಗದ ಹಿರಿಯರು 'ಹಾಲಿ ಸಿಕ್ಕಾ' ಅಂತ ನಿಜಾಮನ ನಾಣ್ಯಕ್ಕೆ ಹೇಳುತ್ತಿದ್ದರು. ಸಿಕ್ಕಾ ಅನ್ನುವ ಪದಕ್ಕೆ ಮೂಲದಲ್ಲಿ ನಾಣ್ಯ ಒತ್ತುವ ಅಚ್ಚು ಅನ್ನುವ ಅರ್ಥವೇ ಇದೆ. ಮೊಘಲರ ಪದ್ಧತಿಯಲ್ಲಿ ಕೈಯಿಂದ ಹೊಡೆದ ರೂಪಾಯಿಗಳಲ್ಲಿ ಅಚ್ಚು ದೊಡ್ಡದು, ಬೆಳ್ಳಿ ಬಿಲ್ಲೆ ಚಿಕ್ಕದು. ಹಾಗಾಗಿ ಬಾದಶಹನ ಹೆಸರಿನ ಅರ್ಧ ಮಾತ್ರ ನಾಣ್ಯದ ಮೇಲೆ ಬೀಳುತ್ತಿತ್ತು! ಹೈದರಾಬಾದಿನಲ್ಲಿ ಯಂತ್ರದಿಂದ ಒತ್ತಿದ ಚಾರ್‌ಮಿನಾರಿನ ನಾಣ್ಯಗಳು ಬಂದದ್ದು 20ನೇ ಶತಮಾನದ ಆರಂಭದಲ್ಲಿ. ಯಂತ್ರದ ಟಂಕಸಾಲೆಯಲ್ಲಿ ಬಿಲ್ಲೆಯನ್ನು ಒಂದು ಉಕ್ಕಿನ ಬಳೆಯೊಳಗೆ ಕೂರಿಸಿ ಒತ್ತುತ್ತಾರೆ. ಬಿಲ್ಲೆ ಆಚೀಚೆ ಸರಿಯಲ್ಲ. ಚಾರ್‌ಮಿನಾರು ನಟ್ಟನಡುವೆ ನಿಲ್ಲುವುದು ಒತ್ತುವ ಬಲದಿಂದ ಅಲ್ಲ, ಆ ಬಳೆಯಿಂದ.

*

ಈಗ ಕಾಗದಕ್ಕೆ ಬರೋಣ. 1455ರ ಹೊತ್ತಿಗೆ ಗುಟೆನ್‌ಬರ್ಗ್ ಮುದ್ರಿಸಿದ ಬೈಬಲ್ಲಿನ ಹಾಳೆಗಳ ಅಂಚಿನಲ್ಲಿ ಸಣ್ಣ ಸಣ್ಣ ತೂತುಗಳಿವೆ, ಸೂಜಿ ಚುಚ್ಚಿದ ಹಾಗೆ. ಹುಳ ತಿಂದದ್ದಲ್ಲ. ಕೈಮುದ್ರಣ ಯಂತ್ರದಲ್ಲಿ ಕಾಗದ ಹಿಡಿಯುವ ಚೌಕಟ್ಟಿಗೆ ಮುಳ್ಳುಗಳಿರುತ್ತಿದ್ದವು. ಒಂದು ಪುಟ ಒತ್ತುವಾಗ ಹಾಳೆ ಆ ಮುಳ್ಳಿಗೆ ಚುಚ್ಚಿಕೊಳ್ಳುತ್ತೆ. ಹಾಳೆ ತಿರುಗಿಸಿ ಹಿಂದಿನ ಪುಟ ಒತ್ತುವಾಗ ಅದೇ ತೂತಿಗೆ ಅದೇ ಮುಳ್ಳು. ಆಗ ಮುಂದಿನ ಸಾಲಿನ ಬೆನ್ನಿಗೆ ಸರಿಯಾಗಿ ಹಿಂದಿನ ಸಾಲು ಬಂದು ಕೂರುತ್ತೆ. ಅಕ್ಷರದ ಮೊಳೆ ಎಷ್ಟು ದೊಡ್ಡ ಸಂಶೋಧನೆಯೋ ಗೊತ್ತಿಲ್ಲ, ನನಗಂತೂ ಆ ಮುಳ್ಳಿನ ಮೇಲೇ ಪ್ರೀತಿ.

ಅದೇ ಮೈಂಜ್ ಊರಿನಲ್ಲಿ ಫುಸ್ಟ್ ಮತ್ತು ಶೋಫರ್ ಅನ್ನುವವರು 1457ರಲ್ಲಿ ಒಂದು ಕೀರ್ತನೆಗಳ ಪುಸ್ತಕ ಮುದ್ರಿಸಿದರು. ಅದರ ದೊಡ್ಡ ಮೊದಲಕ್ಷರಗಳು ಕೆಂಪು-ನೀಲಿ, ಎರಡು ಬಣ್ಣದವು. ಒಂದರ ಪಕ್ಕ ಒಂದು ಎಷ್ಟು ಕರಾರುವಾಕ್ಕಾಗಿ ಕೂತಿವೆ ಅಂದರೆ ಎರಡು ಸಲ ಒತ್ತಿದ್ದಲ್ಲ ಅಂತಲೇ ಬಲ್ಲವರ ಅಭಿಪ್ರಾಯ. ಒಂದರೊಳಗೊಂದು ಸೇರುವ ಲೋಹದ ತುಂಡುಗಳನ್ನು ಬಿಡಿಸಿ, ಬೇರೆ ಬೇರೆ ಬಣ್ಣ ಹಚ್ಚಿ, ಮತ್ತೆ ಜೋಡಿಸಿ, ಕಪ್ಪು ಅಕ್ಷರಗಳ ಜೊತೆಗೇ ಒಂದೇ ಏಟಿಗೆ ಒತ್ತುತ್ತಿದ್ದರಂತೆ. ಕೂರಿಸುವ ಕಷ್ಟವನ್ನು ತಪ್ಪಿಸಿಕೊಳ್ಳುವುದೂ ಒಂದು ಜಾಣತನ! ಆದರೆ ಅದು ಎಷ್ಟು ನಿಧಾನದ ಕೆಲಸ ಅಂತ ಯೋಚಿಸಿ.

ಇದಕ್ಕೆ ನಿಜವಾದ ಪರಿಹಾರ ನನಗೆ ಕಂಡದ್ದು ಜಪಾನಿನಲ್ಲಿ. ಕಥೆ ಕೇಳಿ, ಇದು ನಮ್ಮ ಗ್ರೀಟಿಂಗ್ ಕಾರ್ಡಿನ ಕಥೆಯೇ. ಆಗ ಅಲ್ಲಿನ ಪಂಚಾಂಗದಲ್ಲಿ ಯಾವ ತಿಂಗಳು ದೊಡ್ಡದು, ಯಾವುದು ಚಿಕ್ಕದು ಅನ್ನುವುದು ವರ್ಷ ವರ್ಷವೂ ಬದಲಾಗುತ್ತಿತ್ತು. ಪಂಚಾಂಗ ಮುದ್ರಿಸುವ ಹಕ್ಕು ಕೆಲವರಿಗೆ ಮಾತ್ರ. ಹಾಗಾಗಿ ಎದೋ ನಗರದ (ಇವತ್ತಿನ ಟೋಕಿಯೋ) ರಸಿಕರು ದೊಡ್ಡ-ಚಿಕ್ಕ ತಿಂಗಳುಗಳ ಅಂಕಿಗಳನ್ನು ಚಿತ್ರದೊಳಗೆ, ಹೆಣ್ಣಿನ ಉಡುಪಿನ ವಿನ್ಯಾಸದಲ್ಲೋ ಇನ್ನೆಲ್ಲೋ ಅಡಗಿಸಿ, ಹೊಸ ವರ್ಷಕ್ಕೆ ಸ್ನೇಹಿತರಿಗೆ ಹಂಚುತ್ತಿದ್ದರು. 1765ರ ಹೊಸ ವರ್ಷಕ್ಕೆ ಯಾರ ಕಾರ್ಡು ಚೆಂದ ಅಂತ ಪೈಪೋಟಿಯೇ ನಡೆಯಿತು. ದುಡ್ಡಿದ್ದವರು ಖರ್ಚು ಮಾಡಿದರು. ಸುಝುಕಿ ಹರುನೊಬು ಅನ್ನುವ ಕಲಾವಿದನ ಕೈಯಲ್ಲಿ ಹಲವು ಬಣ್ಣದ ಪೂರ್ತಿ ಮುದ್ರಣ ಅರಳಿದ್ದು ಈ ಕಾರ್ಡುಗಳಿಂದಲೇ. ಒಂದೊಂದು ಬಣ್ಣಕ್ಕೆ ಒಂದೊಂದು ಮರದ ಅಚ್ಚು.

ಅಷ್ಟೆಲ್ಲಾ ಅಚ್ಚುಗಳು ಒಂದೇ ಜಾಗಕ್ಕೆ ಹೇಗೆ ಬೀಳುತ್ತಿದ್ದವು? ಪ್ರತಿ ಅಚ್ಚಿನಲ್ಲೂ ಎರಡು ಗುರುತು ಕೊರೆಯುತ್ತಿದ್ದರು. ಒಂದು ಮೂಲೆಯಲ್ಲಿ ಲಂಬಕೋನದ ಮೆಟ್ಟಿಲು, ಅದೇ ಅಂಚಿನಲ್ಲಿ ಸ್ವಲ್ಪ ದೂರಕ್ಕೆ ಒಂದು ನೇರ ಗೆರೆ. ಇದಕ್ಕೆ ಕೆಂತೋ ಅನ್ನುತ್ತಾರೆ. ಕಾಗದದ ಮೂಲೆಯನ್ನು ಮೊದಲನೆಯದಕ್ಕೆ, ಅಂಚನ್ನು ಎರಡನೆಯದಕ್ಕೆ ತಾಗಿಸಿ ಇಳಿಬಿಟ್ಟರೆ ಮುಗಿಯಿತು. ಗುರುತನ್ನು ಬೇರೆ ಹಲಗೆಯಲ್ಲಿ ಇಡದೆ ಅಚ್ಚಿನ ಮರದಲ್ಲೇ ಕೊರೆಯುವುದರಲ್ಲೂ ಒಂದು ಮರ್ಮ ಇದೆ. ಒದ್ದೆಯಾಗಿ ಮರ ಉಬ್ಬಿದರೆ ಗುರುತೂ ಜೊತೆಗೇ ಸರಿಯುತ್ತೆ.

ಮೂಲೆ ಎರಡು ಅಂಚಿಗೆ ತಾಗುತ್ತೆ, ಗೆರೆ ಒಂದಕ್ಕೆ. ಲೆಕ್ಕ ಹಾಕಿ. ಕೆಳಗಿನ ಅಂಚಿಗೆ ಎರಡು ಕಡೆ, ಪಕ್ಕದ ಅಂಚಿಗೆ ಒಂದು ಕಡೆ. ಒಟ್ಟು ಮೂರು. ಸಪಾಟಾದ ಮೇಜಿನ ಮೇಲೆ ಹಾಳೆಯೊಂದು ಮಾಡಬಹುದಾದ ಚೇಷ್ಟೆಗಳೂ ಮೂರೇ: ಮೇಲೆ ಕೆಳಗೆ ಸರಿಯುವುದು, ಆಚೀಚೆ ಸರಿಯುವುದು, ಸೊಟ್ಟಗೆ ತಿರುಗುವುದು. ಮೂರು ಆಸರೆ ಕೊಟ್ಟರೆ ಮೂರೂ ಬಂದ್. ನಾಲ್ಕನೆಯದು ಬೇಕಿಲ್ಲ. ಇವತ್ತಿನ ಆಫ್‌ಸೆಟ್ ಯಂತ್ರಗಳಲ್ಲೂ ಬಿಡಿ ಹಾಳೆ ಒಳಗೆ ಹೋಗುವ ಮುಂಚೆ ಮುಂದೆ ಎರಡು, ಪಕ್ಕದಲ್ಲಿ ಒಂದು ತಡೆಗೆ ತಾಗಿ ನಿಲ್ಲುತ್ತೆ.

ಕೆಳಗೆ ಎರಡು, ಬಲಗಡೆ ಒಂದು. ಇದನ್ನು ಓದಿದಾಗ ನಾನು ಕುರ್ಚಿಯಿಂದ ಎದ್ದುಬಿಟ್ಟೆ. ಅವ್ವನ ಮೂರು ಬೆಂಕಿಕಡ್ಡಿ!

*

ನಮ್ಮೂರ ಕಲ್ಲಿನ ಮಾತು ಬರದಿದ್ದರೆ ಈ ಕಥೆ ಪೂರ್ತಿಯಾಗಲ್ಲ. ಶಹಾಬಾದ್ ಕಲ್ಲು ನಿಮಗೆ ಗೊತ್ತಿರಬೇಕು. ನಮ್ಮ ಕಡೆ ನೆಲಕ್ಕೂ ಅದೇ, ಕಟ್ಟೆಗೂ ಅದೇ, ಮಾಳಿಗೆಗೂ ಅದೇ. ಭೀಮಾ ಕಣಿವೆಯ ಸುಣ್ಣಕಲ್ಲು, ಹಪ್ಪಳದ ಹಾಗೆ ಪದರ ಪದರವಾಗಿ ಏಳುತ್ತೆ. ಜರ್ಮನಿಯ ಸೋಲ್ನ್‌ಹೋಫನ್ ಅನ್ನುವ ಊರಲ್ಲೂ ಇದೇ ರೀತಿ ಚಪ್ಪಡಿಯಾಗಿ ಏಳುವ, ಇನ್ನೂ ನುಣುಪಾದ ಸುಣ್ಣಕಲ್ಲಿದೆ. 1796ರ ಸುಮಾರಿಗೆ ಆಲೋಯಿಸ್ ಸೆನೆಫೆಲ್ಡರ್ ಅಂಥ ಕಲ್ಲಿನಿಂದ ಮುದ್ರಿಸುವುದನ್ನು ಕಂಡುಕೊಂಡ. ಸುಣ್ಣಕಲ್ಲಿಗೆ ಜಿಡ್ಡೂ ಹಿಡಿಯುತ್ತೆ, ನೀರೂ ಹಿಡಿಯುತ್ತೆ. ಜಿಡ್ಡಿನ ಶಾಯಿಯಲ್ಲಿ ಬರೆದು ಕಲ್ಲನ್ನು ಒದ್ದೆ ಮಾಡಿದರೆ, ಬರೆದ ಕಡೆ ಮಾತ್ರ ಬಣ್ಣ ನಿಲ್ಲುತ್ತೆ. ಕೊರೆಯುವ ಕೆಲಸವೇ ಇಲ್ಲ. ಇದೇ ಕಲ್ಲಚ್ಚು.

ಈ ಕಲ್ಲಚ್ಚೇ ಕನ್ನಡದ ಮೊದಲ ಪತ್ರಿಕೆಯನ್ನು ಹೆತ್ತದ್ದು. ಬಾಸೆಲ್ ಮಿಷನ್ನಿನವರು 1841ರಲ್ಲಿ ಮಂಗಳೂರಿನಲ್ಲಿ ಕಲ್ಲಚ್ಚಿನ ಮುದ್ರಣಾಲಯ ಶುರು ಮಾಡಿದರು. 1843ರ ಜುಲೈ 1ರಂದು ಹರ್ಮನ್ ಮೊಗ್ಲಿಂಗ್ ಸಂಪಾದಕತ್ವದಲ್ಲಿ 'ಮಂಗಳೂರ ಸಮಾಚಾರ' ಹೊರಬಂತು. ಆ ದಿನವನ್ನೇ ನಾವು ಪತ್ರಿಕಾ ದಿನ ಅಂತ ಆಚರಿಸುವುದು. ಅದರಲ್ಲಿ ಮೊಳೆ ಜೋಡಿಸಿದ ಅಕ್ಷರಗಳಿಲ್ಲ. ಯಾರೋ ಕೈಯಲ್ಲಿ ಬರೆದದ್ದು ಕಲ್ಲಿಗಿಳಿದು, ಕಲ್ಲಿನಿಂದ ಕಾಗದಕ್ಕೆ ಬಂದದ್ದು. ಮಾವ್ಶಿ ಆಗ ಇದ್ದಿದ್ದರೆ ಏನು ಕೇಳುತ್ತಿದ್ದರು? ಇದು ಕೈಲೇ ಮಾಡಿದ್ದೇನ, ಮಶೀನ್‌ಲೇ ಮಾಡಿದ್ದೇನ?

ತಮಾಷೆ ನೋಡಿ, ಅದೇ 1843ರ ಡಿಸೆಂಬರಿನಲ್ಲಿ ಲಂಡನ್ನಿನಲ್ಲಿ ಹೆನ್ರಿ ಕೋಲ್ ಅನ್ನುವವನು ಮೊದಲ ಬಾರಿಗೆ ಮಾರಾಟಕ್ಕೆ ಕ್ರಿಸ್ಮಸ್ ಕಾರ್ಡು ಮಾಡಿಸಿದ. ಚಿತ್ರ ಬರೆದವನು ಜಾನ್ ಹಾರ್ಸ್ಲಿ. ಸುಮಾರು ಸಾವಿರ ಪ್ರತಿ, ಒಂದಕ್ಕೆ ಒಂದು ಶಿಲ್ಲಿಂಗ್. ಅದೂ ಕಲ್ಲಚ್ಚೇ. ಗೆರೆಗಳು ಮಾತ್ರ ಕಲ್ಲಿನಿಂದ, ಬಣ್ಣ ಒಂದೊಂದಕ್ಕೂ ಕುಂಚ ಹಿಡಿದು ತುಂಬಿದ್ದು. ಕಲ್ಲಿನಿಂದಲೇ ಬಣ್ಣ ಒತ್ತುವ ವಿಧಾನಕ್ಕೆ ಎಂಗಲ್‌ಮನ್ ಅನ್ನುವವನು 1837ರಲ್ಲೇ ಫ್ರಾನ್ಸಿನಲ್ಲಿ ಹಕ್ಕುಪತ್ರ ಪಡೆದಿದ್ದ. ಆದರೆ ಬಣ್ಣಕ್ಕೊಂದು ಭಾರದ ಕಲ್ಲು ತಂದು, ಒಂದರ ಮೇಲೊಂದು ಕೂದಲೆಳೆ ತಪ್ಪದಂತೆ ಕೂರಿಸುವುದು ಇನ್ನೂ ಹುಡುಗಾಟದ ಮಾತಾಗಿರಲಿಲ್ಲ. ಕೂರಿಸಲು ಬಾರದ ಕಡೆಯೆಲ್ಲಾ ಕೈಯೇ ಗತಿ.

ಕೂರಿಸಲು ಬಂದ ಮೇಲೆ ಏನಾಯಿತು ಅನ್ನುವುದಕ್ಕೆ ನಿಮ್ಮ ಮನೆಯ ದೇವರ ಕೋಣೆ ನೋಡಿ. ರಾಜಾ ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಮುದ್ರಣಾಲಯ ಶುರು ಮಾಡಿ ಜರ್ಮನ್ ತಂತ್ರಜ್ಞರನ್ನು ಕರೆಸಿದ. ಆಮೇಲೆ ಅದು ಲೋಣಾವಳದ ಹತ್ತಿರದ ಮಳವಲಿಗೆ ಹೋಯಿತು. ಲಕ್ಷ್ಮಿ ಸರಸ್ವತಿಯರ ಚರ್ಮದ ಬಣ್ಣ, ಸೀರೆಯ ಬಣ್ಣ, ನೆರಳು, ಎಲ್ಲಕ್ಕೂ ಬೇರೆ ಬೇರೆ ಕಲ್ಲು. ಕಲ್ಲಿನ ಅಂಚಿನಲ್ಲಿ ಅಡ್ಡ ಉದ್ದ ಗೆರೆಯ ಗುರುತು, ಹಾಳೆಯಲ್ಲೂ ಅದೇ ಗುರುತು, ಎರಡನ್ನೂ ಸೇರಿಸಿ ಒತ್ತಬೇಕು. ಸಂತೆಯಲ್ಲಿ ಸಿಗುವ ಅಗ್ಗದ ದೇವರ ಪಟಗಳಲ್ಲಿ ತುಟಿಯ ಕೆಂಪು ಗಲ್ಲಕ್ಕೆ ಜಾರಿರುವುದನ್ನು ನೀವೂ ನೋಡಿರಬಹುದು. ಕೂದಲೆಳೆಯಷ್ಟು ತಪ್ಪಿದರೂ ದೇವಿಯ ಮುಖದ ಭಾವವೇ ಬದಲಾಗುತ್ತೆ. ಆ ಕಲ್ಲುಗಳನ್ನು ತಪ್ಪದೆ ಕೂರಿಸಿದ ಕೆಲಸಗಾರರ ಹೆಸರು ಯಾವ ಪಟದ ಕೆಳಗೂ ಇಲ್ಲ.

ಬಟ್ಟೆಯಲ್ಲೂ ಹೀಗೇ. ಆಂಧ್ರದ ಮಚಲಿಪಟ್ಟಣ, ಪೆಡನ ಕಡೆ ಮರದ ಅಚ್ಚಿನಿಂದ ಕಲಂಕಾರಿ ಒತ್ತುವವರು ಅಚ್ಚಿನ ಅಂಚನ್ನು ಹಿಂದಿನ ಅಚ್ಚಿನ ಗುರುತಿಗೆ ಹೊಂದಿಸುವುದು ಕಣ್ಣಿನ ಅಳತೆಯಲ್ಲಿ. ಎಡಗೈ ಬೆರಳು ಅಂಚಿನಲ್ಲಿ, ಬಲಗೈ ಏಟು ಬೆನ್ನ ಮೇಲೆ. ಬಟ್ಟೆ ಎಳೆದರೆ ಹಿಗ್ಗುತ್ತೆ, ಆದ್ದರಿಂದ ಅಲ್ಲಿ ಬೆಂಕಿಕಡ್ಡಿ ನಡೆಯಲ್ಲ.

*

ಇನ್ನು ನಮ್ಮ ರಬ್ಬರ್ ಠಸ್ಸೆ. ರಬ್ಬರನ್ನು ಗಂಧಕದ ಜೊತೆ ಕಾಯಿಸಿ ಗಟ್ಟಿ ಮಾಡುವುದನ್ನು ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಕೊಂಡ. 1860ರ ದಶಕದಲ್ಲಿ ಅಮೆರಿಕದಲ್ಲಿ ರಬ್ಬರ್ ಠಸ್ಸೆಗಳು ಬಂದವು. ಮರದ ಹಿಡಿಯ ಠಸ್ಸೆಗೆ ಒಂದೇ ದೋಷ, ಒತ್ತುವಾಗ ಕೆಳಗೆ ಏನಿದೆ ಅಂತ ಕಾಣಲ್ಲ. ಕಚೇರಿಗೆ ಅದು ಸಾಕು. ಕಾರ್ಡು ಮಾಡುವವರಿಗೆ ಸಾಲದು.

ಅದಕ್ಕೆ ಮೊದಲು ಬಂದ ಉಪಾಯ ಒಂದು ಲಂಬಕೋನದ ದಪ್ಪ ಪಟ್ಟಿ, ಜೊತೆಗೆ ಒಂದು ಪಾರದರ್ಶಕ ಹಾಳೆ. ಹಾಳೆಯನ್ನು ಪಟ್ಟಿಯ ಮೂಲೆಗೆ ತಾಗಿಸಿ ಠಸ್ಸೆಯನ್ನು ಮೊದಲು ಹಾಳೆಯ ಮೇಲೆ ಒತ್ತಬೇಕು. ಆ ಹಾಳೆಯನ್ನು ಕಾರ್ಡಿನ ಮೇಲೆ ಸರಿಸಾಡಿ ಚಿತ್ರ ಎಲ್ಲಿ ಬೇಕೋ ಅಲ್ಲಿ ನಿಲ್ಲಿಸಿ, ಹಾಳೆಯ ಮೂಲೆಗೆ ಪಟ್ಟಿ ಒರಗಿಸಿ, ಹಾಳೆ ತೆಗೆದು, ಪಟ್ಟಿಯ ಮೂಲೆಗೆ ಠಸ್ಸೆ ಒರಗಿಸಿ ಒತ್ತಬೇಕು. ಕೆಂತೋವನ್ನು ತಿರುಗಿಸಿ ನಿಲ್ಲಿಸಿದ ಹಾಗೆ. ಅಲ್ಲಿ ಮೂಲೆ ಸಿಕ್ಕಿದ್ದು ಕಾಗದಕ್ಕೆ, ಇಲ್ಲಿ ಠಸ್ಸೆಗೆ.

ಆಮೇಲೆ ಕಣ್ಣಿಗೆ ಆಚೆ ಬದಿ ಕಾಣುವ ಮೆತ್ತನೆಯ ಪಾಲಿಮರ್ ಠಸ್ಸೆಗಳು ಬಂದವು. 2010ರ ದಶಕದಲ್ಲಿ ಅಮೆರಿಕದ ಇಲಿಯಾನಾ ಮಿಸ್ಕಾ ತಂದ 'ಮಿಸ್ಟಿ' ಅನ್ನುವ ಮುಚ್ಚಳದ ಸಲಕರಣೆ ಮನೆಮಾತಾಯಿತು. ಅದರ ಹಿಂದೆಯೇ ಬೇರೆ ಬೇರೆ ಕಂಪನಿಗಳ ಮಾದರಿಗಳೂ ಬಂದವು. ಅಂದರೆ ಏನು? ಗುಟೆನ್‌ಬರ್ಗ್ ಯಂತ್ರದ ತೆರೆದು ಮುಚ್ಚುವ ಚೌಕಟ್ಟು, ಹರುನೊಬುವಿನ ಮೂಲೆ, ಎರಡೂ ಊಟದ ಮೇಜಿನ ಮೇಲೆ ಬಂದು ಕೂತವು.

ಅವ್ವನ ಜೊತೆ ಕೂತು ಕಲಿತದ್ದನ್ನು ಇಲ್ಲಿ ಬರೆದಿಡುತ್ತೇನೆ, ಯಾರಿಗಾದರೂ ಉಪಯೋಗಕ್ಕೆ ಬರಬಹುದು.

ಕಾರ್ಡನ್ನು ಯಾವಾಗಲೂ ಒಂದೇ ಮೂಲೆಗೆ, ಅದರ ಅವೇ ಎರಡು ಅಂಚು ತಾಗುವಂತೆ ಇಡಿ. ಅಂಗಡಿಯ ಕಾಗದ ನೋಡಲು ಚೌಕ, ಅಳೆದರೆ ಸೊಟ್ಟ. ಎರಡನೇ ಬಣ್ಣಕ್ಕೆ ಕಾರ್ಡು ತಲೆಕೆಳಗಾದರೆ ಹೂವೊಂದು ಕಡೆ, ಎಲೆಯೊಂದು ಕಡೆ. ಬೆನ್ನ ಹಿಂದೆ ಮೂಲೆಯಲ್ಲಿ ಪೆನ್ಸಿಲಿನಿಂದ ಒಂದು ಚುಕ್ಕಿ ಇಟ್ಟುಕೊಂಡರೆ ಗೊಂದಲ ಇಲ್ಲ. ಕಾರ್ಡಿನ ಮೇಲೆ ಆಯಸ್ಕಾಂತ ಇಡುವುದು ಅದು ಮೇಲೇಳದಿರಲಿ ಅಂತ ಮಾತ್ರ, ಜಾಗ ತೋರಿಸುವುದು ಮೂಲೆಯೇ.

ಠಸ್ಸೆಯನ್ನು ಮುಚ್ಚಳಕ್ಕೆ ನೇರವಾಗಿ ಅಂಟಿಸಲು ಹೋಗಬೇಡಿ, ಎಡ ಬಲ ತಲೆಕೆಟ್ಟುಹೋಗುತ್ತೆ. ಠಸ್ಸೆಯನ್ನು ಮುಖ ಕೆಳಗಾಗಿ ಕಾರ್ಡಿನ ಮೇಲೆ ಬೇಕಾದ ಜಾಗದಲ್ಲಿಟ್ಟು, ಕೆಳಗಿನ ಚೌಕಗೆರೆ ನೋಡಿ ನೇರ ಮಾಡಿ, ಆಮೇಲೆ ಮುಚ್ಚಳ ಮುಚ್ಚಿ ಒತ್ತಿ. ತೆರೆದಾಗ ಠಸ್ಸೆ ಮುಚ್ಚಳಕ್ಕೆ ಹತ್ತಿಕೊಂಡು ಬರುತ್ತೆ. ಹೊಸ ಪಾಲಿಮರ್ ಠಸ್ಸೆಗೆ ಶಾಯಿ ಹಿಡಿಯದೆ ಮುತ್ತುಮುತ್ತಾಗಿ ನಿಂತರೆ ಪೆನ್ಸಿಲ್ ಅಳಿಸುವ ರಬ್ಬರಿನಿಂದ ಹಗುರಾಗಿ ಉಜ್ಜಿ. ತೆಳ್ಳಗಿನ ಠಸ್ಸೆಗೆ ಕಾರ್ಡಿನ ಕೆಳಗೆ ಸ್ಪಂಜಿನ ಹಾಳೆ ಬೇಕು, ದಪ್ಪ ರಬ್ಬರಿನದ್ದಕ್ಕೆ ಅದನ್ನು ತೆಗೆಯಬೇಕು.

ಶಾಯಿ ಕಡಿಮೆ ಹಚ್ಚಿ, ಎರಡು ಸಲ ಒತ್ತಿ. ಒಂದೇ ಸಲ ಜೋರಾಗಿ ಒತ್ತಿದರೆ ಅಂಚು ಹರಡುತ್ತೆ. ಕೈಯಿಂದ ಒತ್ತುವಾಗ ಎರಡನೇ ಸಲ ಅನ್ನುವುದೇ ಇರಲಿಲ್ಲ, ತಪ್ಪಿದರೆ ಕಾರ್ಡು ಹಾಳು. ಅವ್ವನಿಗೆ ಈ ಸಲಕರಣೆಯಲ್ಲಿ ಅತಿ ಹಿಡಿಸಿದ್ದು ಇದೇ. "ಮತ್ತೊಂದ್ ಸಲ ಮಾಡಕ್ಕ ಬರ್ತದಲ್ಲ, ಅದೇ ಛಲೋ" ಅಂದಳು.

ಚೌಕ ಕಾರ್ಡನ್ನು ಒಂದೇ ಮೂಲೆಯಲ್ಲಿ ನಾಲ್ಕು ಸಲ ತಿರುಗಿಸಿ ಒತ್ತಿದರೆ ಒಂದೇ ಎಲೆಯಿಂದ ನಾಲ್ಕು ದಿಕ್ಕಿನ ರಂಗೋಲಿ ಸಿದ್ಧ. ನೆರಳು ಬೇಕಿದ್ದರೆ ಮೊದಲು ತೆಳು ಬೂದು ಬಣ್ಣ ಒತ್ತಿ, ಆಮೇಲೆ ಕಾರ್ಡಿಗೂ ಮೂಲೆಗೂ ನಡುವೆ ಒಂದು ವಿಸಿಟಿಂಗ್ ಕಾರ್ಡಿನ ಚೂರು ಸಿಕ್ಕಿಸಿ ಕಪ್ಪು ಒತ್ತಿ. ಬೇಕಂತಲೇ ತಪ್ಪಿಸುವುದು! ಮೈಂಜ್ ಊರಿನ ಉಪಾಯವೂ ನಡೆಯುತ್ತೆ. ಒಂದೇ ಠಸ್ಸೆಯ ಹೂವಿಗೆ ಕೆಂಪು, ದಂಟಿಗೆ ಹಸಿರು ಸಣ್ಣ ಸ್ಪಂಜಿನಿಂದ ಹಚ್ಚಿ ಒಂದೇ ಸಲ ಒತ್ತಬಹುದು.

ದುಡ್ಡು ಕೊಟ್ಟು ತರಿಸಲೇಬೇಕು ಅಂತಿಲ್ಲ. ಮನೆಯಲ್ಲಿ ಹಳೆಯ ಸಿಡಿ ಡಬ್ಬಿ ಬಿದ್ದಿರುತ್ತಲ್ಲ, ಸಿಡಿ ಕೂರುವ ಒಳತಟ್ಟೆ ತೆಗೆದುಬಿಡಿ. ಕೆಳಗೆ ಗ್ರಾಫ್ ಹಾಳೆ, ಅದರಡಿ ರಟ್ಟು ಇಟ್ಟು ಎತ್ತರ ಸರಿಮಾಡಿ. ಪಾರದರ್ಶಕ ಮುಚ್ಚಳವೂ ಇದೆ, ಕೀಲೂ ಇದೆ. ಕೀಲು ಸ್ವಲ್ಪ ಆಡುತ್ತೆ, ಮುಚ್ಚುವಾಗ ಮುಚ್ಚಳವನ್ನು ಒಂದೇ ಬದಿಗೆ ಒತ್ತಿ ಹಿಡಿದರೆ ಸರಿ. ಮೂಲೆಗೆ? ಮೂರು ಬೆಂಕಿಕಡ್ಡಿ :-)

*

ಇಷ್ಟೆಲ್ಲಾ ಓದಿ ಬಂದ ಮೇಲೆ ಮಾವ್ಶ್ಯಾರ ಪ್ರಶ್ನೆಗೆ ನನ್ನಲ್ಲಿ ಒಂದು ಉತ್ತರ ಇದೆ. ಕೈ, ಮಶೀನು ಅನ್ನುವ ಗೆರೆ ನಾವಂದುಕೊಂಡ ಕಡೆ ಇಲ್ಲ. ಮರದ ಅಚ್ಚಿನಲ್ಲಿ ಮೂಲೆ ಕೊರೆದವನನ್ನು ಯಾರೂ ಮೋಸಗಾರ ಅನ್ನಲಿಲ್ಲ. ರಂಗೋಲಿಗೆ ಚುಕ್ಕಿ ಇಡುವವಳನ್ನು ಅನ್ನಲ್ಲ. ಕೈಗೆ ಆಸರೆ ಮಾಡಿಕೊಳ್ಳುವುದು ಕೈಕೆಲಸದಷ್ಟೇ ಹಳೆಯದು. ಆಸರೆಗೆ ಜಾಗ ಗೊತ್ತು, ಆದರೆ ಯಾವ ಹೂವು, ಯಾವ ಬಣ್ಣ, ಯಾರ ಹೆಸರಿಗೆ ಅನ್ನುವುದು ಅದಕ್ಕೆ ಗೊತ್ತಿಲ್ಲ.

ಇದನ್ನೆಲ್ಲಾ ಮಾವ್ಶಿಗೆ ಹೇಳಲಿಲ್ಲ. ಅವ್ವನಿಗೆ ಹೇಳಿದೆ. ಜಪಾನಿನ ಮೂಲೆಯ ಚಿತ್ರ ತೋರಿಸಿ, ನಿನ್ನ ಬೆಂಕಿಕಡ್ಡಿ ಇದೇ ನೋಡು ಅಂದೆ. ಬಹಳ ಹೊತ್ತು ನೋಡಿದಳು. "ನನಗ್ಯಾರು ಹೇಳಿಕೊಟ್ಟಿದ್ರಪಾ, ಕಾರ್ಡ್ ಸರೀತಿತ್ತು, ಕಡ್ಡಿ ಹಚ್ಚಿದ್ದೆ" ಅಂದಳು ಅಷ್ಟೇ.

ಮರುದಿನ ಪೆಟ್ಟಿಗೆ ಮತ್ತೆ ಮೇಜಿನ ಮೇಲಿತ್ತು. ಯುಗಾದಿಗೆ ಇಪ್ಪತ್ತೆರಡು ಕಾರ್ಡು ಆದವು. ಕೊನೆಯಲ್ಲಿ ಹೆಸರು ಬರೆಯುವಾಗ ಪೆನ್ನು ಹಿಡಿದು ಹಿಂದೆ ಮುಂದೆ ನೋಡಿದಳು. ಹೆಸರಿನದ್ದೂ ಒಂದು ಠಸ್ಸೆ ಮಾಡಿಸಿಕೊಡಲಾ ಅಂತ ಕೇಳಿದೆ. ಬೇಡ ಅಂದಳು. ಕಾರ್ಡಿನ ಹೂವು, ಎಲೆ ಎಲ್ಲಾ ನೆಟ್ಟಗೆ ಕೂತಿವೆ. ಕೆಳಗೆ ಅವಳ ಹೆಸರು ಮಾತ್ರ ಅಲೆಅಲೆಯಾಗಿ, ಗೆರೆ ಬಿಟ್ಟು ಮೇಲೆ ಹೋಗಿದೆ. ಅದರಲ್ಲಿ ಮೊದಲ ಕಾರ್ಡು ಮಾವ್ಶಿಗೇ ಹೋಯಿತು.

ನಿಮ್ಮ ಮನೆಯಲ್ಲೂ ಇಂಥ ಬೆಂಕಿಕಡ್ಡಿಗಳು ಇದ್ದೇ ಇರುತ್ತವೆ. ಶಂಕರಪಾಳಿ ಕತ್ತರಿಸಲು ಅಜ್ಜಿ ಇಟ್ಟುಕೊಂಡಿದ್ದ ಅಳತೆಕಡ್ಡಿಯೋ, ರವಿಕೆ ಹೊಲಿಯುವವರು ಗೋಡೆಗೆ ಎಳೆದ ಗೆರೆಯೋ, ಏನೋ ಒಂದು. ನೆನಪಾದರೆ ನಿಮ್ಮ ಬ್ಲಾಗಿನಲ್ಲಿ ಬರೆದಿಡಿ. ಮಾಡಿದವರು ಇರುವಾಗಲೇ ಬರೆದು ಅವರಿಗೊಮ್ಮೆ ಓದಿ ಹೇಳಿದರೆ ಇನ್ನೂ ಒಳ್ಳೆಯದು.